ಒಂದನೇ ನಂಬರಿನ ಹಾಸಿಗೆ

ಚಂದ್ರಶೇಖರಯ್ಯನವರಿಗೆ ಸಿಟ್ಟು ಬಂದದ್ದು ಆಪರೇಷನ್ನಿನಿಂದಲ್ಲ. ಆಸ್ಪತ್ರೆಯವರು ಹೊಟ್ಟೆ ಕೊಯ್ದರು, ಅಪೆಂಡಿಕ್ಸ್ ಎಂಬ ಯಾವ ಉಪಯೋಗಕ್ಕೂ ಬಾರದ ತುಂಡೊಂದನ್ನು ತೆಗೆದು ಬಿಸಾಡಿದರು, ಹೊಲಿದರು. ಅದನ್ನೆಲ್ಲ ಅವರು ಸಹಿಸಿಕೊಂಡರು. ಉಪಯೋಗಕ್ಕೆ ಬಾರದ್ದನ್ನು ತೆಗೆದುಹಾಕುವುದನ್ನು ಇಪ್ಪತ್ತೆರಡು ವರ್ಷದ ಸರಕಾರಿ ನೌಕರಿಯಲ್ಲಿ ಅವರು ಕಂಡಿರಲಿಲ್ಲವಾದ್ದರಿಂದ, ಇಲ್ಲಾದರೂ ಅದು ನಡೆಯುತ್ತದಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡರು ಕೂಡ. ಅವರನ್ನು ಕೆರಳಿಸಿದ್ದು ಹಾಸಿಗೆಯ ನಂಬರು. ಹದಿನಾರು ಹಾಸಿಗೆಯ ವಾರ್ಡಿನಲ್ಲಿ ಅವರಿಗೆ ಕೊಟ್ಟದ್ದು ಹದಿನಾಲ್ಕನೆಯದು.

ಇದರಲ್ಲಿ ಸಿಟ್ಟಾಗುವಂಥದ್ದು ಏನಿದೆ ಎಂದು ಕೇಳುವವರು ಸರಕಾರಿ ಕಚೇರಿಯಲ್ಲಿ ಕೂತವರಲ್ಲ. ಚಂದ್ರಶೇಖರಯ್ಯನವರ ಕಚೇರಿಯಲ್ಲಿ ಹೊಸದಾಗಿ ಸೇರಿದ ಗುಮಾಸ್ತನಿಗೆ ಬಾಗಿಲ ಪಕ್ಕದ ಮೇಜು. ಯಾರಾದರೂ ರಿಟೈರಾದರೆ ಒಂದು ಮೇಜು ಮುಂದಕ್ಕೆ. ಹಾಗೆ ಒಂದೊಂದೇ ಮೇಜು ದಾಟಿ, ಸಾಹೇಬರ ಕೋಣೆಗೆ ಎಷ್ಟು ಹತ್ತಿರವಾದನೋ ಅಷ್ಟು ಅವನ ಯೋಗ್ಯತೆ. ಚಂದ್ರಶೇಖರಯ್ಯನವರು ಈಗ ಎರಡನೆಯ ಮೇಜಿನಲ್ಲಿದ್ದರು. ಮೊದಲನೆಯದು ಶಿರಸ್ತೇದಾರರದು. ಶಿರಸ್ತೇದಾರ ಸಿದ್ದಬಸಪ್ಪನವರು ಈ ತಿಂಗಳ ಕೊನೆಗೆ ರಿಟೈರಾಗುವವರು. ಒಂದನೇ ತಾರೀಖಿನಿಂದ ಆ ಮೇಜು ತಮ್ಮದೆಂದು ಚಂದ್ರಶೇಖರಯ್ಯನವರಿಗೂ, ಅವರ ಹೆಂಡತಿ ವಿಶಾಲಾಕ್ಷಮ್ಮನವರಿಗೂ, ಚಾಮರಾಜಪೇಟೆಯ ಅವರ ಇಡೀ ಅಡ್ಡರಸ್ತೆಗೂ ಗೊತ್ತಿತ್ತು. ವಿಶಾಲಾಕ್ಷಮ್ಮನವರು ಆಗಲೇ ಹೊಸ ಜರಿ ಪೇಟ ತರಿಸಿಟ್ಟಿದ್ದರು. ಹತ್ತು ದಿನದಲ್ಲಿ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಮಾತು ಕೊಟ್ಟ ಮೇಲೆಯೇ ಚಂದ್ರಶೇಖರಯ್ಯನವರು ಹೊಟ್ಟೆ ಕೊಯ್ಯಲು ಅಪ್ಪಣೆ ಕೊಟ್ಟದ್ದು.

ವಾರ್ಡಿನಲ್ಲಿಯೂ ಒಂದು ಮೇಜಿತ್ತು. ಅದು ನರ್ಸ್ ಸಾಲೋಮಿಯದು. ಅದಕ್ಕೆ ಅಂಟಿಕೊಂಡಂತೆ ಒಂದನೇ ನಂಬರಿನ ಹಾಸಿಗೆ. ಅಲ್ಲಿಂದ ಶುರುವಾಗಿ ಕಕ್ಕಸಿನ ಬಾಗಿಲ ತನಕ ಉಳಿದ ಹಾಸಿಗೆಗಳು. ಹದಿನಾಲ್ಕನೆಯದು ಎಲ್ಲಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದನೇ ನಂಬರಿನಲ್ಲಿ ಬಡಕಲು ಮನುಷ್ಯನೊಬ್ಬ ಮಲಗಿದ್ದ. ಸಿಸ್ಟರ್ ಸಾಲೋಮಿ ಗಂಟೆಗೆ ನಾಲ್ಕು ಸಲ ಅವನ ನಾಡಿ ಹಿಡಿಯುವಳು, ಮುಖ ಒರೆಸುವಳು, ಚಮಚದಲ್ಲಿ ಗಂಜಿ ಕುಡಿಸುವಳು, ದಿಂಬು ಸರಿಮಾಡುವಳು. ಹದಿನಾಲ್ಕನೇ ನಂಬರಿಗೆ ಬರುತ್ತಿದ್ದದ್ದು ದಿನಕ್ಕೆರಡು ಸಲ. ಬಂದವಳು ಬಾಯಿಗೆ ಥರ್ಮಾಮೀಟರ್ ತುರುಕಿ, ತೆಗೆದು, "ಚೆನ್ನಾಗಿದೀರಿ" ಎಂದು ಹೇಳಿ ಹೊರಟೇಬಿಡುವಳು. ನಾಲ್ಕನೆಯ ದಿನ ಚಂದ್ರಶೇಖರಯ್ಯನವರು ಗಂಭೀರವಾಗಿ, "ನೀರು" ಎಂದರು.

"ಹೂಜಿ ಅಲ್ಲೇ ಇದೆ ನೋಡಿ. ಎದ್ದು ಬಗ್ಗಿಸ್ಕೊಂಡು ಕುಡೀರಿ. ಹಾಗೇ ನಾಲ್ಕು ಹೆಜ್ಜೆ ಓಡಾಡಿ, ಒಳ್ಳೇದು," ಎಂದಳು ಸಾಲೋಮಿ.

ಚಂದ್ರಶೇಖರಯ್ಯನವರಿಗೆ ನೀರು ಕೊಡಲು ಕಚೇರಿಯಲ್ಲಿ ಜವಾನ ಪುಟ್ಟಯ್ಯ, ಮನೆಯಲ್ಲಿ ವಿಶಾಲಾಕ್ಷಮ್ಮ. ತಮ್ಮ ಕೈಯಾರೆ ನೀರು ಬಗ್ಗಿಸಿಕೊಂಡು ಕುಡಿದ ನೆನಪೇ ಅವರಿಗಿರಲಿಲ್ಲ. ಪಕ್ಕದ ಹದಿಮೂರನೇ ನಂಬರಿನಲ್ಲಿ ಮಲ್ಲೇಶ್ವರದ ದೊರೆಸ್ವಾಮಿ ಎಂಬಾತ ಕಾಲು ಮುರಿದುಕೊಂಡು ಮಲಗಿದ್ದ. ಅವನ ಕಡೆ ತಿರುಗಿ, "ನೋಡಿದ್ರಾ? ಹೊಟ್ಟೆ ಕೊಯ್ಸ್ಕೊಂಡೋನಿಗೆ ಓಡಾಡು ಅಂತಾಳಲ್ರೀ! ಆ ಒಂದನೇ ನಂಬರಿನೋನು ಯಾರು ಹಾಗಾದ್ರೆ? ದಿವಾನರ ಷಡ್ಡಕನಾ?" ಎಂದರು.

"ಯಾರೋ ಮಗ್ಗದೋರು ಅಂತೆ ಸ್ವಾಮಿ."

"ಮಗ್ಗದೋನಿಗೆ ಒಂದನೇ ನಂಬರು! ಶಿರಸ್ತೇದಾರನಾಗೋನಿಗೆ ಹದಿನಾಲ್ಕು! ಯಾರ ಶಿಫಾರಸು ನಡೆದಿದೆ ಇಲ್ಲಿ?"

ಅನ್ಯಾಯ ಕಂಡರೆ ಸಾಮಾನ್ಯರು ಜಗಳವಾಡುತ್ತಾರೆ. ಚಂದ್ರಶೇಖರಯ್ಯನವರು ಅರ್ಜಿ ಬರೆಯುತ್ತಾರೆ. ಒಬ್ಬರೇ ಬರೆದರೆ ತೂಕ ಸಾಲದೆಂದು, ಹೊಟ್ಟೆಯ ಹೊಲಿಗೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಇಡೀ ವಾರ್ಡಿನ ಅಭಿಪ್ರಾಯ ಸಂಗ್ರಹಿಸಲು ಹೊರಟರು. ಓಡಾಡಲಾಗದು ಎಂದು ದೂರು ಬರೆಯಲು ಅವರು ಅಂದು ಓಡಾಡಿದಷ್ಟು ಆ ವಾರ್ಡಿನಲ್ಲಿ ಯಾವ ರೋಗಿಯೂ ಓಡಾಡಿರಲಿಲ್ಲ.

ಆದರೆ ಜನ ಒಂದು ಮಾತು ಆಡಬೇಕಲ್ಲ! ಹನ್ನೊಂದನೇ ನಂಬರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಯವನು, ಆ ನರ್ಸು ನಗುವುದೇ ಇಲ್ಲ, ನಕ್ಕರೆ ಅರ್ಧ ಕಾಯಿಲೆ ಹೋಗುತ್ತದೆ ಎಂದ. ಒಂಬತ್ತನೆಯವನು, ನಿನ್ನೆ ಅವಳು ನಕ್ಕಳು, ಕಾಯಿಲೆಯವರ ಮುಂದೆ ನಗುವುದು ಏನು ಮರ್ಯಾದೆ ಎಂದ. ಏಳನೆಯವನಿಗೆ ಅವಳ ಕೈ ತಣ್ಣಗಿದೆ ಎಂಬ ದೂರು. ಆರನೆಯವನಿಗೆ ಜ್ವರವಿದ್ದುದರಿಂದ ಆ ತಣ್ಣನೆಯ ಕೈಯೇ ದೇವರು. ಐದನೇ ನಂಬರಿನ ಮುದುಕ ವೀರಭದ್ರಯ್ಯ ಮಾತ್ರ ಖಡಾಖಂಡಿತವಾಗಿ, "ಬಯ್ತಾಳೆ ಸ್ವಾಮಿ, ಚೆನ್ನಾಗಿ ಬಯ್ತಾಳೆ. ಮಾತ್ರೆ ಉಗುಳಿದ್ರೆ ಮಕ್ಕಳಿಗೆ ಬಯ್ದ ಹಾಗೆ ಬಯ್ತಾಳೆ. ನಮ್ಮನೇಲಿ ನನ್ನನ್ನ ಬಯ್ಯೋಕೂ ದಿಕ್ಕಿಲ್ಲ. ಇಂಥಾ ನರ್ಸು ಇನ್ನೆಲ್ಲಿ ಸಿಗ್ತಾಳೆ?" ಎಂದ.

"ಹೋಗಲಿ, ರುಜು ಹಾಕಿ," ಎಂದು ಚಂದ್ರಶೇಖರಯ್ಯನವರು ಕಾಗದ ಚಾಚಿದರು. ನಗುವುದಿಲ್ಲ ಎಂದವನೂ ಹಾಕಲಿಲ್ಲ, ನಗುತ್ತಾಳೆ ಎಂದವನೂ ಹಾಕಲಿಲ್ಲ. "ಸಾಯಂಕಾಲ ನಾಲ್ಕಕ್ಕೆ ಅವಳ ಕೈಲೇ ಇಂಜೆಕ್ಷನ್ ಇದೆ ಸ್ವಾಮಿ," ಎಂದ ಪುಸ್ತಕದಂಗಡಿಯವನು, ಮಗ್ಗುಲು ಬದಲಾಯಿಸುತ್ತ.

ಹೇಡಿಗಳು! ಚಂದ್ರಶೇಖರಯ್ಯನವರು ಒಬ್ಬರೇ ರುಜು ಹಾಕಿದರು. ಅರ್ಜಿ ದೊಡ್ಡ ಡಾಕ್ಟರಿಗೆ. ಅದರ ಒಕ್ಕಣೆ ಹೀಗಿತ್ತು: "ತೀವ್ರ ಅಸ್ವಸ್ಥನೂ, ಜೀವನ್ಮರಣಗಳ ನಡುವೆ ಹೋರಾಡುತ್ತಿರುವವನೂ ಆದ ಅರ್ಜಿದಾರನನ್ನು ಸದರಿ ನರ್ಸು ದಿನಕ್ಕೆ ಎರಡೇ ಬಾರಿ ನೋಡಿ, 'ಚೆನ್ನಾಗಿದೀರಿ' ಎಂಬ ಸುಳ್ಳು ಹೇಳಿಕೆ ಕೊಟ್ಟು, ನಿರ್ದಯವಾಗಿ ಮುಂದೆ ಹೋಗುತ್ತಿರುವುದರಿಂದ, ಅರ್ಜಿದಾರನನ್ನು ಅವನ ಯೋಗ್ಯತೆಗೆ ತಕ್ಕಂತೆ ಒಂದನೇ ನಂಬರಿನ ಹಾಸಿಗೆಗೆ ವರ್ಗಾಯಿಸಬೇಕಾಗಿ ಪ್ರಾರ್ಥನೆ." ಆಮೇಲೆ, ಇಪ್ಪತ್ತೆರಡು ವರ್ಷದ ಅಭ್ಯಾಸ ಬಲದಿಂದ ಕೈ ತಾನಾಗಿಯೇ ಕೆಳಗೆ ಇನ್ನೊಂದು ಸಾಲು ಬರೆಯಿತು: "ತಿಳುವಳಿಕೆಗಾಗಿ ನಕಲು, ಅರ್ಜಿದಾರನ ಕಚೇರಿಯ ಸಾಹೇಬರಿಗೆ." ಬರೆದ ಮೇಲೆ ಕಳಿಸದೆ ಇರುವುದು ಹೇಗೆ? ಸಂಜೆ ನೋಡಲು ಬಂದ ಪುಟ್ಟಯ್ಯನ ಕೈಯಲ್ಲಿ ನಕಲು ಕಚೇರಿಗೆ ಹೋಯಿತು.

ಮರುದಿನ ಊಟವಾಗಿ ಒಂದು ಜೊಂಪು ಹತ್ತಿ ಎದ್ದು ನೋಡಿದರೆ ಒಂದನೇ ನಂಬರು ಖಾಲಿ! ಮಗ್ಗದವನನ್ನು ಮನೆಯವರು ಬಂದು ಕರೆದುಕೊಂಡು ಹೋದಂತಿತ್ತು. ವರಾಂಡದಲ್ಲಿ ಹೆಂಗಸರು ಅಳುತ್ತ ಹೋಗುವುದು ಕೇಳಿಸುತ್ತಿತ್ತು. ಅಂಥ ಉಪಚಾರ ಬಿಟ್ಟು ಮನೆಗೆ ಹೋಗಬೇಕಾದಾಗ ಯಾರಿಗಾದರೂ ಅಳು ಬರುವುದು ಸಹಜವೇ ಎಂದುಕೊಂಡರು ಚಂದ್ರಶೇಖರಯ್ಯನವರು. ಸಾಲೋಮಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಬಸವಮ್ಮ ಎಂಬ ಆಯಾ ಹೊಸ ಚಾದರ ಹಾಸಿ ಆ ಕಡೆ ತಿರುಗಿದ್ದೇ ತಡ, ಚಂದ್ರಶೇಖರಯ್ಯನವರು ಹೋಗಿ, ರೈಲಿನಲ್ಲಿ ಜಾಗ ಹಿಡಿಯುವವರ ಹಾಗೆ ತಮ್ಮ ಟವೆಲನ್ನು ಅದರ ಮೇಲೆ ಹಾಸಿ, ತಾವೂ ಮಲಗಿಬಿಟ್ಟರು.

"ಏಳಿ ರೀ! ಆ ಹಾಸಿಗೆ ನಿಮಗೆ ಬೇಡ," ಎಂದಳು ಸಾಲೋಮಿ. ಅವಳ ಕಣ್ಣು ಕೆಂಪಗಿತ್ತು. ತಮ್ಮ ಅರ್ಜಿಯ ಬಿಸಿ ತಟ್ಟಿದೆ ಎಂದು ಅವರಿಗೆ ಸಂತೋಷವಾಯಿತು.

"ಯಾಕೆ ಬೇಡ? ನಾನೇನು ಮಗ್ಗದೋನಿಗಿಂತ ಕಡಿಮೇನಾ?"

"ದಮ್ಮಯ್ಯ, ಏಳಿ ಅಂದೆ."

"ಏಳಲ್ಲ. ಅರ್ಜಿ ಕೊಟ್ಟಿದೀನಿ!"

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಅವರ ಕೋಟಿನ ಜೇಬಿನಲ್ಲಿ ಅರ್ಜಿ ಕಾಣುತ್ತಿತ್ತು. ಅವರು ಹಾಸಿಗೆಯನ್ನೂ ಅದರ ಮೇಲಿದ್ದವರನ್ನೂ ನೋಡಿ, "ಬೇರೆ ಯಾರಾದ್ರೂ ಬರೋತನಕ ಮಲಗಲಿ ಬಿಡಿ ಸಿಸ್ಟರ್. ಇವರ ಜೊತೆ ಯಾರು ಗುದ್ದಾಡ್ತಾರೆ," ಎಂದು ಹೊರಟುಹೋದರು. ಸಾಲೋಮಿ ಎರಡು ಕ್ಷಣ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ, "ಆಗಲಿ. ಒಂದನೇ ನಂಬರು ಅಂದ್ರೆ ಒಂದನೇ ನಂಬರಿನ ರೂಲ್ಸು," ಎಂದವಳೇ ಅವರ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದಳು. ಗಂಟೆಗೆ ನಾಲ್ಕು ಸಲ ನಾಡಿ, ಚಮಚದಲ್ಲಿ ಗಂಜಿ, ಏಳಕೂಡದು, ಜಾಸ್ತಿ ಮಾತಾಡಕೂಡದು. ಚಂದ್ರಶೇಖರಯ್ಯನವರು ಗೆದ್ದವರ ನಗು ನಕ್ಕು, ಅಷ್ಟು ದೂರದ ದೊರೆಸ್ವಾಮಿಗೆ ಕಾಣುವಂತೆ ಬಾಯಿ ತೆರೆದು ಗಂಜಿ ಕುಡಿದರು. ದೊರೆಸ್ವಾಮಿ ಮಲಗಿದಲ್ಲಿಂದಲೇ ಅವರಿಗೆ ಕೈ ಮುಗಿದ.

ನಾಲ್ಕು ಗಂಟೆಗೆ ವಿಶಾಲಾಕ್ಷಮ್ಮನವರು ಬಂದರು. ಬಾಗಿಲಲ್ಲೇ ಬಸವಮ್ಮ, "ನಿಮ್ಮೋರ್ನ ಒಂದನೇ ನಂಬರ್ಗೆ ಹಾಕವ್ರೆ ಕಣವ್ವ, ಧೈರ್ಯ ತಂದ್ಕಳಿ," ಎಂದಳು. ಒಳಗೆ ಬಂದ ವಿಶಾಲಾಕ್ಷಮ್ಮನವರು ಗಂಡನ ಕಾಲ ಬಳಿ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡರು.

"ಅಳ್ತೀಯಾ ಯಾಕೆ ಹುಚ್ಚಿ? ನಾನು ಹೇಳಿರಲಿಲ್ವಾ, ಇವತ್ತಲ್ಲ ನಾಳೆ ನನ್ನ ಜಾಗ ನನಗೆ ಸಿಕ್ಕೇ ಸಿಗುತ್ತೆ ಅಂತ?"

ಆ ಮಾತು ಕೇಳಿ ವಿಶಾಲಾಕ್ಷಮ್ಮನವರ ಅಳು ಇಮ್ಮಡಿಯಾಯಿತು. ಐದು ಗಂಟೆಯ ಹೊತ್ತಿಗೆ ಅಡ್ಡರಸ್ತೆಗೆ ಅಡ್ಡರಸ್ತೆಯೇ ವಾರ್ಡಿನಲ್ಲಿತ್ತು. ಯಾರೋ ಮಠದಿಂದ ವಿಭೂತಿ ತಂದು ಹಣೆಗೆ ಧಾರಾಳವಾಗಿ ಬಳಿದರು. ಎದುರುಮನೆಯ ಶಂಭುಲಿಂಗಪ್ಪ, ಆರು ವರ್ಷದಿಂದ ಚರಂಡಿಯ ವಿಷಯದಲ್ಲಿ ಮಾತು ಬಿಟ್ಟವನು, ಬಂದು ಕೈ ಹಿಡಿದುಕೊಂಡ. "ಚಂದ್ರಶೇಖರಯ್ಯನೋರೇ, ನಿಮ್ಮ ಚರಂಡಿ ಮೇಲೆ ಮುನಿಸಿಪಾಲ್ಟಿಗೆ ಹೆಸರಿಲ್ಲದೆ ಆಕಾಶರಾಮನ ಅರ್ಜಿ ಹಾಕಿದ್ದು ನಾನೇ. ಮನಸ್ಸಲ್ಲಿ ಇಟ್ಕೋಬೇಡಿ," ಎಂದು ಗದ್ಗದನಾದ. ಒಂದನೇ ನಂಬರಿನ ಪ್ರಭಾವಕ್ಕೆ ಚಂದ್ರಶೇಖರಯ್ಯನವರೇ ಬೆರಗಾದರು. ಹಾಸಿಗೆಗೇ ಇಷ್ಟಾದರೆ ಇನ್ನು ಶಿರಸ್ತೇದಾರಿಕೆಗೆ ಎಷ್ಟಿರಬೇಡ!

ಕೊನೆಯಲ್ಲಿ ಕಚೇರಿಯ ವರದರಾಜ ಬಂದ. ಚಂದ್ರಶೇಖರಯ್ಯನವರ ಹಿಂದಿನ ಮೇಜು ಅವನದು. ಒಳ್ಳೆಯ ಹುಡುಗ, ಕೆಡುಕಿಲ್ಲದವನು. ಸಾಲೋಮಿ ನಾಡಿ ಹಿಡಿದಿದ್ದನ್ನು ನೋಡಿ ಅವನ ಕಣ್ಣು ತುಂಬಿತು. "ಕಚೇರಿ ಯೋಚನೆ ಬಿಟ್ಬಿಡಿ ಸಾರ್. ಆ ವಾರ್ಷಿಕ ವರದಿ ಎಲ್ಲಿದೆ ಅಂತ ಒಂದು ಮಾತು ಹೇಳಿಬಿಟ್ರೆ ಸಾಕು. ಬೀರುವಿನ ಕೀಲಿ..." ಎಂದು ತಡವರಿಸಿದ. ಮುಂದಿನ ಶಿರಸ್ತೇದಾರರ ದೊಡ್ಡತನದಿಂದ ಚಂದ್ರಶೇಖರಯ್ಯನವರು ಕೀಲಿಗೊಂಚಲನ್ನೇ ಕೊಟ್ಟು, ಯಾವ ಫೈಲು ಎಲ್ಲಿದೆ, ಯಾವ ಪತ್ರಕ್ಕೆ ಯಾವ ಉತ್ತರ ಎಂದು ಅರ್ಧ ಗಂಟೆ ವಿವರಿಸಿದರು. ಕೇಳಿದಷ್ಟೂ ವರದರಾಜ ಕಣ್ಣೊರೆಸಿಕೊಂಡ.

ಮರುದಿನ ಮಧ್ಯಾಹ್ನ ಪುಟ್ಟಯ್ಯ ಕಿತ್ತಳೆ ಹಣ್ಣಿನ ಬುಟ್ಟಿ ತಂದಿಟ್ಟು ಗೋಡೆಗೆ ಒರಗಿ ನಿಂತ.

"ಸಾಹೇಬ್ರು ನಿಮ್ಮ ಅರ್ಜಿ ಎಲ್ಲಾರ್ಗೂ ಓದಿ ಹೇಳಿದ್ರು ಬುದ್ಧಿ. ಎಲ್ಲಾ ಎದ್ದು ನಿಂತು ಎರಡು ನಿಮಿಷ ಮೌನ ಅಂದ್ರು. ಆಮೇಲೆ ಇನ್ನೂ ಹೋಗಿಲ್ಲ ಅಂತ ವರದರಾಜಪ್ಪೋರು ಹೇಳಿದ್ಮೇಲೆ ಅರ್ಧಕ್ಕೇ ಕೂತ್ಕಂಡ್ವಿ."

"ಎಲ್ಲಿಗೆ ಹೋಗಿಲ್ಲ?"

ಪುಟ್ಟಯ್ಯ ಮೇಲೆ ಸೂರು ನೋಡಿದ. "ಶಿರಸ್ತೇದಾರಿಕೆ ವರದರಾಜಪ್ಪೋರ್ಗೇ ಅಂತ ಆಯ್ತು. ಪಾಪ, ಅವ್ರು ಬೇಡ ಅಂತ ಅತ್ರು. ಸಾಹೇಬ್ರು ಕೇಳ್ಬೇಕಲ್ಲ."

ಚಂದ್ರಶೇಖರಯ್ಯನವರು ಹಾಸಿಗೆಯಿಂದ ಎಗರಿದ ರಭಸಕ್ಕೆ ಕಿತ್ತಳೆ ಹಣ್ಣುಗಳು ವಾರ್ಡಿನ ತುಂಬ ಉರುಳಿದವು. ಆ ಹಾಸಿಗೆ ಉಳಿಯುವುದೇ ಕಷ್ಟ ಎನ್ನುವಂಥವರದೆಂದು ಬಸವಮ್ಮ ಬಿಡಿಸಿ ಹೇಳಿದ ಮೇಲಂತೂ, "ಇಷ್ಟು ಜನ ಇದೀರಿ, ಒಬ್ಬರಾದ್ರೂ ಬಾಯಿಬಿಟ್ಟು ಹೇಳಬಾರದಿತ್ತೇನ್ರಯ್ಯಾ!" ಎಂದು ಹದಿನೈದು ರೋಗಿಗಳಿಗೂ ಕೂಗಾಡಿ, ಟವೆಲು ಕಿತ್ತುಕೊಂಡು ಹದಿನಾಲ್ಕಕ್ಕೆ ಹೋಗಿ ಬಿದ್ದರು. ಹೊಲಿಗೆ ಬಿಚ್ಚದೆ ಬಿಡುವುದಿಲ್ಲವೆಂದು ಡಾಕ್ಟರು ಹಟ ಹಿಡಿದಿದ್ದರಿಂದ ಇನ್ನೂ ಮೂರು ದಿನ ಅಲ್ಲಿ ಹಲ್ಲು ಕಡಿಯುತ್ತ ಮಲಗಿದರು. ನಾಲ್ಕನೆಯ ದಿನ ಮಧ್ಯಾಹ್ನ ಜಟಕಾ ಹತ್ತಿ ನೇರ ಕಚೇರಿಗೆ ಇಳಿದರು.

ಬಾಗಿಲ ಪಕ್ಕದ ಗುಮಾಸ್ತ ಅವರನ್ನು ಕಂಡು ಮಸಿಕುಡಿಕೆ ಉರುಳಿಸಿದ. ಸಾಹೇಬರು ಮಾತ್ರ ಹೆದರಲಿಲ್ಲ. ಅವರು ಕಾನೂನು ಬಲ್ಲವರು. ಎದುರಿಗಿದ್ದ ಮನುಷ್ಯನಿಗಿಂತ ಕೈಯಲ್ಲಿದ್ದ ಕಾಗದದಲ್ಲಿ ಅವರಿಗೆ ನಂಬಿಕೆ.

"ನೋಡಿ, ಇದು ನಿಮ್ಮ ರುಜು. ಜೀವನ್ಮರಣಗಳ ನಡುವೆ ಹೋರಾಟ ಅಂತ ಬರೆದಿದೀರಿ. ಇದು ನಿಜವಾದ್ರೆ ನಿಮಗೆ ಶಿರಸ್ತೇದಾರಿಕೆ ಹೇಗೆ ಕೊಡಲಿ? ಸುಳ್ಳಾದ್ರೆ ಇಬ್ಬರು ಅಧಿಕಾರಿಗಳಿಗೆ ಸುಳ್ಳು ಬರೆದು ಕೊಟ್ಟೋರಿಗೆ ಹೇಗೆ ಕೊಡಲಿ?"

"ನಿಜವೇ ಸ್ವಾಮಿ! ಸಾಯೋ ಹಾಗಿದ್ದೆ. ಈಗ ವಾಸಿಯಾಗಿದೆ."

"ಯಾರು ವಾಸಿ ಮಾಡಿದ್ರು? ಯಾರೂ ನೋಡ್ತಿಲ್ಲ ಅಂತ ನೀವೇ ಬರೆದಿದೀರಲ್ಲ. ಹೋಗಲಿ, ಆ ನರ್ಸಿನ ಹತ್ತಿರ ಬರೆಸ್ಕೊಂಡು ಬನ್ನಿ, ಕಷ್ಟದಲ್ಲಿದ್ರು, ಈಗ ಪೂರ್ತಿ ಗುಣವಾಗಿದೆ ಅಂತ. ನಾಳೆ ನಾನು ಕ್ಯಾಂಪು. ಇವತ್ತು ಸಂಜೆ ಐದರೊಳಗೆ ತಂದ್ರೆ ಆರ್ಡರು ನಿಮ್ಮ ಹೆಸರಿಗೆ."

ಚಂದ್ರಶೇಖರಯ್ಯನವರು ಅಲ್ಲೇ ಒಂದು ಹಾಳೆ ಎಳೆದುಕೊಂಡು ಪ್ರಶಂಸಾಪತ್ರ ಬರೆದರು. ಸದರಿ ನರ್ಸು ಸಾಕ್ಷಾತ್ ಮಾತೃಸ್ವರೂಪಿಣಿ, ಯಮನ ಬಾಗಿಲಲ್ಲಿದ್ದ ತಮ್ಮನ್ನು ಹಗಲಿರುಳು ಕಾದು ಉಳಿಸಿಕೊಂಡಳು ಎಂದು ಒಂದೂವರೆ ಪುಟ. ಬರೆಯುವಾಗ ಪ್ರತಿ ಪದಕ್ಕೂ ಮೈ ಉರಿಯಿತು. ಆದರೂ ಬರೆದು, ಅದೇ ಜಟಕಾದಲ್ಲಿ ಆಸ್ಪತ್ರೆಗೆ ಹೋದರು.

ಒಂದನೇ ನಂಬರಿನಲ್ಲಿ ಈಗ ವಿಷಮಶೀತ ಜ್ವರದವನೊಬ್ಬ ಮಲಗಿದ್ದ, ಅವನ ತಮ್ಮ ಪಕ್ಕದಲ್ಲಿ ನಿಂತಿದ್ದ. ಅವಸರದಲ್ಲಿ ಚಂದ್ರಶೇಖರಯ್ಯನವರಿಗೆ ಯಾರು ಯಾರೆಂದು ಕಾಣಲೇ ಇಲ್ಲ. ಅವರು ಕಂಡದ್ದು ಸಾಲೋಮಿಯನ್ನು ಮಾತ್ರ. ಅವಳು ಒಂದು ಕೈಯಲ್ಲಿ ರೋಗಿಯ ಮಣಿಕಟ್ಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಒಂದೂವರೆ ಪುಟವನ್ನೂ ಓದಿದಳು.

"ಇದು ಯಾರ ವಿಷಯ ರೀ?"

"ನಿಮ್ಮ ವಿಷಯವೇ ತಾಯಿ. ನನ್ನನ್ನ ಉಳಿಸಿದ್ದು."

"ನೀವು ಯಾವಾಗ ಸಾಯೋ ಹಾಗಿದ್ರಿ? ಆಪರೇಷನ್ ಆದ ಮಾರನೇ ದಿನದಿಂದ ಗುಂಡುಕಲ್ಲಿನ ಹಾಗಿದೀರಿ." ಅವಳು ಕಾಗದವನ್ನು ಹಾಸಿಗೆಯ ಅಂಚಿನಲ್ಲಿಟ್ಟಳು. "ನಿಮಗಿಂತ ಮುಂಚೆ ಇಲ್ಲಿ ಮಲಗಿದ್ರಲ್ಲ, ಅವರು ನೆನಪಿದಾರಾ?"

"ಮಗ್ಗದೋನಲ್ವಾ? ವಾಸಿಯಾಗಿ ಮನೆಗೆ ಹೋದ." ಅವನು ಹಾಗೆಯೇ ಹೋದನೆಂದು ಅವರು ನಂಬಿದ್ದರು; ಆಮೇಲೆ ಆ ಬಗ್ಗೆ ಯೋಚಿಸಲು ಸಿಟ್ಟಿನ ನಡುವೆ ಪುರಸೊತ್ತು ಸಿಕ್ಕಿರಲಿಲ್ಲ.

"ತೀರ್ಕೊಂಡ್ರು ರೀ. ಒಂಬತ್ತು ದಿನ ನೋಡಿದೆ. ನನ್ನ ಕೈ ಹಿಡ್ಕೊಂಡಿದ್ದ ಹಾಗೇ ಹೋದ್ರು. ನೀವು ಬರೆದಿರೋದೆಲ್ಲ ನಾನು ಅವರಿಗೆ ಮಾಡಿದೀನಿ, ನಿಮಗಲ್ಲ. ನಿಮಗೆ ನಾನೇನೂ ಮಾಡಿಲ್ಲ. ನಿಮ್ಮ ಹತ್ತಿರ ಕೂತಿದ್ರೆ ಅವರ ಹತ್ತಿರ ಯಾರು ಕೂರ್ತಿದ್ರು?"

ಅವಳು ಪೆನ್ನು ತೆಗೆದು, ಬೇರೊಂದು ಕಾಗದದಲ್ಲಿ ಒಂದು ಸಾಲು ಬರೆದು, ರುಜು ಹಾಕಿ ಮೊಹರು ಒತ್ತಿದಳು: "ಈ ರೋಗಿಗೆ ಎಂದೂ ಯಾವ ಅಪಾಯವೂ ಇರಲಿಲ್ಲ." ಕೊಟ್ಟವಳು ಮತ್ತೆ ನಾಡಿಯ ಕಡೆ ತಿರುಗಿದಳು.

ಜಟಕಾದಲ್ಲಿ ದಾರಿಯುದ್ದಕ್ಕೂ ಚಂದ್ರಶೇಖರಯ್ಯನವರು ಕುದಿದರು. ಒಂದೇ ಒಂದು ಸಣ್ಣ ಸುಳ್ಳು ಬರೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅವಳ ಮೇಲೆ ಸಿಟ್ಟು, ಡಾಕ್ಟರ ಮೇಲೆ ಸಿಟ್ಟು, ಸತ್ತುಹೋದ ಆ ಬಡಕಲು ಮನುಷ್ಯನ ಮೇಲೂ ಸಿಟ್ಟು. ಅವನನ್ನು ನೆನೆದಾಗ ಮಾತ್ರ ಆ ಹೊಸ ಚಾದರದ ಮೇಲೆ ತಾವು ಟವೆಲು ಹಾಸಿದ್ದೂ ನೆನಪಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ, ಬೇರೆ ದಾರಿಯಿಲ್ಲದೆ, ಅವರು ಸಾಹೇಬರ ಮುಂದೆ ಅವಳು ಕೊಟ್ಟ ಕಾಗದವನ್ನೇ ಇಟ್ಟರು.

ಸಾಹೇಬರು ಓದಿ, ಕನ್ನಡಕ ತೆಗೆದರು. ಮುಖದಲ್ಲಿ ಕರುಣೆಯಿತ್ತು.

"ಇದೂ ಒಳ್ಳೇದೇ ಆಯ್ತು. ನೀವು ಸಾಯೋ ಸ್ಥಿತೀಲಿದ್ರಿ, ಇವಳು ಅಪಾಯವೇ ಇರಲಿಲ್ಲ ಅಂತಾಳೆ. ಅಂದ್ರೆ ನಿಮ್ಮ ದೂರು ನಿಜ. ಇವಳು ನಿಮ್ಮನ್ನ ನೋಡೇ ಇಲ್ಲ. ಎರಡೂ ಕಾಗದ ಮೇಲಕ್ಕೆ ಕಳಿಸ್ತೀನಿ. ಅವಳ ಸಮಜಾಯಿಷಿ ಕೇಳಿ ಕೆಲಸದಿಂದ ತೆಗೆದು ಮನೆಗೆ ಕಳಿಸ್ತಾರೆ. ನೀವು ಹೇಗೋ ದೈವಬಲದಿಂದ ಉಳಿದ್ರಿ ಅಂತ ಆಗುತ್ತೆ. ಅರ್ಜಿ ನಿಜ ಅಂತ ಒಂದು ಮಾತು ಹೇಳಿ, ಆರ್ಡರಿಗೆ ರುಜು ಹಾಕ್ತೀನಿ."

ಬಾಗಿಲ ಆಚೆ ಇಡೀ ಕಚೇರಿ ಕಿವಿಯಾಗಿ ನಿಂತಿತ್ತು. ಸಿದ್ದಬಸಪ್ಪನವರು ಹೂಂ ಎನ್ನಿ, ಹೂಂ ಎನ್ನಿ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಸ್ವತಃ ವರದರಾಜನೇ ತಲೆಯಾಡಿಸುತ್ತಿದ್ದ.

ಚಂದ್ರಶೇಖರಯ್ಯನವರ ಮುಖ ಕೆಂಪೇರಿತು. "ಮನೆಗೆ ಕಳಿಸ್ತಾರಾ? ಅವಳನ್ನ ಯಾತಕ್ಕೆ ಸ್ವಾಮಿ ಮನೆಗೆ ಕಳಿಸೋದು?" ಎಂದು ಅವರು ಸಾಹೇಬರ ಮೇಜು ಕುಟ್ಟಿಬಿಟ್ಟರು. ಆ ಮೇಜನ್ನು ಅಲ್ಲಿಯತನಕ ಯಾರೂ ಕುಟ್ಟಿರಲಿಲ್ಲ. "ನಾನು ಬರೆದಿದ್ದು ಸುಳ್ಳು! ಶುದ್ಧ ಸುಳ್ಳು! ಬರ್ಕೊಳ್ಳಿ ಬೇಕಾದ್ರೆ!"

"ಚಂದ್ರಶೇಖರಯ್ಯ, ಯೋಚನೆ ಮಾಡಿ. ಅವಳು ನಿಮಗೆ ಅಂಥದ್ದೇನು ಮಾಡಿದಾಳೆ?"

"ಏನೂ ಮಾಡಿಲ್ಲ ಸ್ವಾಮಿ. ದಿನಕ್ಕೆ ಎರಡು ಸಲ ಬಂದು ನೋಡಿ ಹೋದಳು. ನನಗೆ ಬೇಕಾಗಿದ್ದೇ ಅಷ್ಟು."

ಸಾಹೇಬರು ಎರಡು ಕಾಗದಗಳನ್ನೂ ಹರಿದು ಬುಟ್ಟಿಗೆ ಹಾಕಿ, ವರದರಾಜನ ಆರ್ಡರಿನ ಕರಡು ತರಲು ಹೇಳಿದರು. ಕರಡು ಇನ್ನೂ ತಯಾರಾಗಿರಲಿಲ್ಲ. ಆ ಕಚೇರಿಯಲ್ಲಿ ತಪ್ಪಿಲ್ಲದೆ ಕರಡು ಬರೆಯಬಲ್ಲವರು ಒಬ್ಬರೇ, ಅವರು ಇಷ್ಟು ದಿನ ರಜೆಯಲ್ಲಿದ್ದರು. ಚಂದ್ರಶೇಖರಯ್ಯನವರು ತಮ್ಮ ಮೇಜಿಗೆ ಹೋಗಿ ಕೂತು, ಮಸಿಕುಡಿಕೆ ಹತ್ತಿರಕ್ಕೆ ಎಳೆದುಕೊಂಡು, ವರದರಾಜನನ್ನು ಒಂದನೇ ತಾರೀಖಿನಿಂದ ಶಿರಸ್ತೇದಾರನನ್ನಾಗಿ ನೇಮಿಸಲಾಗಿದೆ ಎಂದು ಬರೆಯತೊಡಗಿದರು.